ತಪಕೀರಿನ ಡಬ್ಬಿ, ಕೈಗೆ ಕೊಟ್ಟ ಉಪ್ಪು

ನಮ್ಮ ಮನೆಯಲ್ಲಿ ಉಪ್ಪನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಕೇಳಿದವರ ಮುಂದೆ ಉಪ್ಪಿನ ಗಡಿಗೆಯನ್ನೇ ತಂದು ಕುಕ್ಕಬೇಕು, ಇಲ್ಲವೇ ತಾಟಿನ ಅಂಚಿಗೆ ಉದುರಿಸಬೇಕು, ಎರಡೂ ಆಗದಿದ್ದರೆ ನೆಲಕ್ಕೆ ಒಂದು ಎಲೆ ಹಾಸಿ ಅದರ ಮೇಲಿಟ್ಟು ಸರಿದು ನಿಲ್ಲಬೇಕು. ಉಪ್ಪು ಕೈಯಿಂದ ಕೈಗೆ ದಾಟಿತೆಂದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಕಟ್ಟಿಟ್ಟದ್ದು ಎಂಬುದು ನನ್ನ ಆಯಿ, ಅಂದರೆ ಅಪ್ಪನ ಅವ್ವ ಬಸಮ್ಮನ ಕಾಯಿದೆ. ನಿಜಾಮನ ಕಾಯಿದೆಯನ್ನಾದರೂ ಶಹಾಪುರದಲ್ಲಿ ಆಗೀಗ ಯಾರೋ ಮುರಿಯುತ್ತಿದ್ದರು. ಆಯಿಯ ಕಾಯಿದೆ ಮುರಿಯುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ನಗು ಬರುವ ಸಂಗತಿ ಏನೆಂದರೆ, ಉಪ್ಪಿನ ಜಗಳಕ್ಕೆ ಇಷ್ಟು ಹೆದರುವ ಈ ಹೆಂಗಸು ಕೋಳಿ ಕೂಗುವ ಹೊತ್ತಿಗೆ ಜಗಳ ಶುರು ಮಾಡಿ ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತಿದ್ದಳು. ಅದಕ್ಕೆ ಅವಳಿಗೆ ಉಪ್ಪಿನ ಹಂಗೇನೂ ಇರಲಿಲ್ಲ.

ಅವಳ ಜಗಳದ ಜೊತೆಗಾತಿ ಗೋಡೆಯಾಚೆಯ ಚಾಂದಬಿ. ನಮ್ಮದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಮೂಲೆಯಲ್ಲಿ ನೆಲದೊಳಗೆ ಜೋಳ ತುಂಬುವ ಹಗೇವಿನ ಬಾಯಿ, ಒಳಗೆ ದೇವರ ಜಗಲಿ, ಕೊನೆಗೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ. ಅಡುಗೆಮನೆಯ ಹಿಂಗೋಡೆಯೇ ಚಾಂದಬಿಯ ಮನೆಗೂ ಗೋಡೆ. ಆ ಗೋಡೆಯಲ್ಲಿ ಒಂದು ಕಿಂಡಿ. ಯಾವ ಕಾಲದಲ್ಲಿ ಯಾರು ಕಲ್ಲು ಕಿತ್ತು ಮಾಡಿದ್ದೋ ಗೊತ್ತಿಲ್ಲ, ಒಂದು ತಂಬಿಗೆ ಸಲೀಸಾಗಿ ದಾಟುವಷ್ಟು ದೊಡ್ಡದು. ಚಾಂದಬಿಯದು ಪಿಂಜಾರರ ಮನೆ. ಅವಳ ಮಗ ಹುಸೇನಿ ಕಾಕಾ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅವನು ಹತ್ತಿ ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಕೇಳದೆ ನಮಗೆ ಬೆಳಗಾಗುತ್ತಿರಲಿಲ್ಲ. ತಾಯಿಯಿಲ್ಲದ ಅವನ ಮಗಳು ಮಮ್ಮು ನನ್ನ ಓರಗೆಯವಳು. ಆ ಕಿಂಡಿಯಿಂದ ಕೆಂಡ ಹೋಗುತ್ತಿತ್ತು, ಹತ್ತಿ ಬರುತ್ತಿತ್ತು, ಕರಿಬೇವು, ಮಜ್ಜಿಗೆ, ಊರಿನ ಸುದ್ದಿ ಎಲ್ಲ ಓಡಾಡುತ್ತಿದ್ದವು. ಬೇಯಿಸಿದ್ದು ಮಾತ್ರ ನಮ್ಮ ಕಡೆಯಿಂದ ಹೋಗುತ್ತಿತ್ತು, ಆ ಕಡೆಯಿಂದ ಬರುತ್ತಿರಲಿಲ್ಲ. ನಾವು ಲಿಂಗ ಕಟ್ಟಿದವರು, ಅವರ ಮನೆಯಲ್ಲಿ ಕೋಳಿ ತತ್ತಿ ಬೇಯುತ್ತದೆ ಎಂಬುದು ಆಯಿಯ ಇನ್ನೊಂದು ಕಾಯಿದೆ. ಚಾಂದಬಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಹಚ್ಚಿಕೊಂಡಿದ್ದಳೇನೋ, ನಮಗೆ ಕೇಳುವ ಬುದ್ಧಿ ಇರಲಿಲ್ಲ. ಜಗಳಕ್ಕೆ ಮಾತ್ರ ಅವಳ ಕೋಳಿಗಳೇ ಸಾಕಾಗಿದ್ದವು.

“ಏ ಚಾಂದವ್ವಾ! ನಿನ್ನ ಹುಂಜಕ್ಕ ನೀ ಹೇಳ್ತಿಯೋ, ನಾನ ಹೇಳ್ಲೋ? ಕೊತಂಬರಿ ಮಡಿ ಎಲ್ಲಾ ಕೆದರಿ ಹಾಕ್ಯಾದ!”

“ಹುಂಜ ನಿನ್ನ ಮಡಿಗಿ ಬಂದಿಲ್ಲ ಬಸಮ್ಮಾ. ಹುಂಜ ಓಡ್ಯಾಡೋ ಜಾಗಾದಾಗ ನೀನ ಮಡಿ ಮಾಡೀದಿ. ಬೇಲಿ ಹಾಕ್ಕೊ!”

“ಬೇಲಿ ನಿನ್ನ ಬಾಯಿಗಿ ಹಾಕಬೇಕು!”

“ಮೊದ್ಲ ನಿನ್ನ ಬಾಯಿಗಿ ಹಾಕ್ಕೊ, ಉಳದ್ರ ನನಗ ಕೊಡು!”

ಹೀಗೆ ಊರಿಗೆಲ್ಲ ಕೇಳುವಂತೆ ಒದರಾಡಿ, ಅದೇ ಉಸಿರಿನಲ್ಲಿ ಚಾಂದಬಿ “ಬಸಮ್ಮಕ್ಕಾ, ಎಲ್ಡ ಕೆಂಡ ಕೊಡು, ಒಲಿ ಆರ್ಯಾದ” ಅನ್ನುತ್ತಿದ್ದಳು. ಆಯಿ ಗೊಣಗುತ್ತಲೇ ಇಕ್ಕಳದಲ್ಲಿ ಕೆಂಡ ಹಿಡಿದು ಕಿಂಡಿಗೆ ನೀಡುತ್ತಿದ್ದಳು. ಸಿಟ್ಟಿದ್ದಾಗ ಬಸಮ್ಮ, ಬೇಕಾದಾಗ ಬಸಮ್ಮಕ್ಕ. ಉಪ್ಪು ಬೇಕಾದರೆ ಕಿಂಡಿಯ ಕಲ್ಲಿನ ಮೇಲೆ ಇಡುವುದು, ಇವಳು ಕೈ ತೆಗೆದ ಮೇಲೆ ಅವಳು ಕೈ ಹಾಕುವುದು. ಅದೊಂದರಲ್ಲಿ ಇಬ್ಬರದೂ ಒಂದೇ ಮತ.

ಆಮೇಲೆ ಗದ್ದಲದ ವರ್ಷ ಬಂತು. ನಮ್ಮ ಕಡೆ ಹಳಬರು ಇವತ್ತಿಗೂ ಅದನ್ನು ಗದ್ದಲ ಅಂತಲೇ ಕರೆಯುತ್ತಾರೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು, ನಿಜಾಮನ ಕೈಕೆಳಗಿನ ನಮ್ಮ ಮೊಗಲಾಯಿಗೆ ಬಂದಿರಲಿಲ್ಲ. ನಿಜಾಮ ತನ್ನ ರಾಜ್ಯ ತನಗೇ ಇರಲಿ ಅನ್ನುತ್ತಿದ್ದ. ಅವನ ಪರವಾಗಿ ಹಳ್ಳಿ ಸುಲಿಯುವ ರಜಾಕಾರರು ಇವತ್ತು ಆ ಹಳ್ಳಿಗೆ ಬಂದರಂತೆ, ನಾಳೆ ಈ ಹಳ್ಳಿಗಂತೆ ಎಂಬ ಸುದ್ದಿ ಅಪ್ಪನ ಕಿರಾಣಿ ಅಂಗಡಿಗೆ ಬೆಲ್ಲಕ್ಕಿಂತ ಮೊದಲು ಬಂದು ಮುಟ್ಟುತ್ತಿತ್ತು. ಅನುಕೂಲ ಇದ್ದವರು ಗಾಡಿ ಕಟ್ಟಿಕೊಂಡು ಗಡಿಯಾಚೆ ತಾಳಿಕೋಟಿ ಕಡೆಗೆ ಹೋಗತೊಡಗಿದರು. ಅವ್ವನ ತವರು ಆ ಕಡೆಯೇ. ಅವ್ವ, ನಾನು, ಮೊಲೆ ಕುಡಿಯುವ ತಮ್ಮ ಮೂವರನ್ನೂ ಮಾವನ ಮನೆಗೆ ಕಳಿಸುವುದೆಂದು ಅಪ್ಪ ನಿಶ್ಚಯಿಸಿದ. ಆಯಿ ತಾನು ಹೊಸ್ತಿಲು ದಾಟುವುದಿಲ್ಲ ಎಂದು ಹಗೇವಿನ ಬಾಯಿಯ ಕಲ್ಲಿನ ಮೇಲೆ ಕೂತೇಬಿಟ್ಟಳು. ಆದರೆ ನಮ್ಮನ್ನು ಬರಿಗೈಯಲ್ಲಿ ಕಳಿಸಲು ಅವಳು ತಯಾರಿರಲಿಲ್ಲ.

ಆಯಿಯ ತೀರಿಹೋದ ಗಂಡ, ನನ್ನ ಮುತ್ಯಾ, ನಶ್ಯ ಅಂದರೆ ತಪಕೀರು ಇಡುತ್ತಿದ್ದ ತಗಡಿನ ಡಬ್ಬಿ ಒಂದಿತ್ತು. ನನ್ನ ಅಂಗೈಯಷ್ಟು ಉದ್ದ, ಮೂಲೆಗಳು ಉರುಟು, ಬಿಗಿ ಮುಚ್ಚಳ. ಮುತ್ಯಾ ಹೋದರೂ ಅವನ ತಪಕೀರಿನ ಘಾಟು ಅದರಿಂದ ಹೋಗಿರಲಿಲ್ಲ. ಎಷ್ಟು ಬೂದಿ ಹಾಕಿ ತಿಕ್ಕಿದರೂ ಮುಚ್ಚಳ ತೆಗೆದವರು ಸೀನಲೇಬೇಕು. ಆಯಿ ಆ ಡಬ್ಬಿಯನ್ನು ದೇವರ ಜಗಲಿಯಿಂದ ಇಳಿಸಿ, ತಾನೂ ಒಂದು ಸಲ ಸೀನಿ, ನನ್ನನ್ನು ಮುಂದೆ ಕೂರಿಸಿಕೊಂಡಳು. ಅವಳು ನನ್ನಷ್ಟಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿತ್ತಂತೆ. ಅವಳ ಮನೆಯವರು ಬೀಸುಕಲ್ಲು ಹೊತ್ತರು, ಹಾಸಿಗೆ ಹೊತ್ತರು, ತೊಟ್ಟಿಲು ಹೊತ್ತರು, ಉಪ್ಪು ಮರೆತರು. ಮಳೆಗೆ ಕಡ್ಡಿಪೆಟ್ಟಿಗೆ ತೊಯ್ದು ಬೆಂಕಿಯೂ ಹೋಯಿತು. ಪ್ಲೇಗಿಗೆ ಹೆದರಿ ಯಾರೂ ಯಾರ ಗುಡಿಸಲಿಗೂ ಬರುವಂತಿಲ್ಲ, ಏನೂ ಕೇಳುವಂತಿಲ್ಲ. ಎಷ್ಟೋ ದಿನ ಸಪ್ಪೆ ಹಸಿ ಹಿಟ್ಟು ನೆಕ್ಕಿ ಬದುಕಿದೆವು ಅನ್ನುತ್ತಿದ್ದಳು. ಆ ಸಪ್ಪೆ ಅವಳ ನಾಲಿಗೆಯಿಂದ ಸಾಯುವತನಕ ಹೋಗಲಿಲ್ಲ. ನಮ್ಮ ಮನೆಯ ಸಾರು ಯಾವಾಗಲೂ ಒಂದು ಹರಳು ಹೆಚ್ಚೇ ಉಪ್ಪು.

ಅವ್ವ ತನ್ನ ಬೋರಮಾಳ ಸರವನ್ನು ತಂದು ಡಬ್ಬಿಯ ಪಕ್ಕ ಇಟ್ಟಳು.

“ಅತ್ತೀ, ಇದನ್ನೂ ಅದರಾಗ ಹಾಕ್ರಿ. ಹೊತ್ತಿಗಿ ಬರ್ತದ.”

“ತಗಿ ಅತ್ತಾಗ,” ಅಂದಳು ಆಯಿ. “ಬಂಗಾರ ಇದ್ದಾಕಿನ ಹುಡುಕ್ಕೊಂಡು ನಾಕು ಮಂದಿ ಬರ್ತಾರ. ಉಪ್ಪು ಇದ್ದಾಕಿನ ಯಾರು ಹುಡುಕ್ತಾರ? ಹಸದಾಗ ಬಂಗಾರ ನೆಕ್ಕತಿಯೇನು?”

ಅವ್ವ ಮುಖ ಊದಿಸಿಕೊಂಡು ಸರ ಎತ್ತಿಕೊಂಡು ಹೋದಳು. ಡಬ್ಬಿಗೆ ಮೊದಲು ಹೋದದ್ದು ಉಪ್ಪು: ಹರಳುಪ್ಪನ್ನು ಕುಟ್ಟಿ, ಎಣ್ಣೆಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಆಮೇಲೆ ಬೆಲ್ಲದ ಉಂಡೆ. ಕಾಲಿಗೆ ನಟ್ಟ ಜಾಲಿಮುಳ್ಳು ತೆಗೆಯಲು, ಹರಿದದ್ದು ಹೊಲಿಯಲು ಒಂದು ದಪ್ಪ ಸೂಜಿ, ಅದಕ್ಕೆ ಸುತ್ತಿದ ದಾರ. ರಾಡಿ ನೀರು ತಿಳಿಯಾಗಲು ಪಟಕದ ಹರಳು, ಗಾಯಕ್ಕೆ ಅರಿಶಿನ, ಹೊಟ್ಟೆನೋವಿಗೆ ಅಜವಾನ, ಭಯಕ್ಕೆ ವಿಭೂತಿ. ಕಡ್ಡಿಪೆಟ್ಟಿಗೆಯ ಮೇಲೆ ಆಯಿಗೆ ನಂಬಿಕೆಯೇ ಇಲ್ಲ, ಆದ್ದರಿಂದ ಮುತ್ಯಾ ಚಿಲುಮೆ ಹಚ್ಚುತ್ತಿದ್ದ ಚಕಮಕಿ: ಒಂದು ಬೆಣಚುಕಲ್ಲು, ಒಂದು ಉಕ್ಕಿನ ಚೂರು. ಇಷ್ಟಾಗುವಷ್ಟರಲ್ಲಿ ಮುಚ್ಚಳ ಕೂರಲೊಲ್ಲದು. ಕಿಂಡಿಯಲ್ಲಿ ಮುಖವಿಟ್ಟು ಎಲ್ಲ ನೋಡುತ್ತಿದ್ದ ಚಾಂದಬಿಗೆ ಸುಮ್ಮನಿರಲು ಆಗಲಿಲ್ಲ.

“ಬೂದಿ ತಗಿ ಬಸಮ್ಮಕ್ಕಾ, ಹತ್ತಿ ಇಡು. ಹತ್ತಿ ಇಲ್ಲದ ಚಕಮಕಿ ಬಡದ್ರ ಕೈ ಸುಡ್ತದ, ಬೆಂಕಿ ಹತ್ತಂಗಿಲ್ಲ.”

“ಬೂದಿ ಅಂತಿಯೇನ ವಿಭೂತಿಗಿ? ಬಾಯಾಗ ಹುಳಾ ಬೀಳ್ತಾವ!”

“ಬೀಳ್ಲಿ. ಅದನ್ನ ಹುಡುಗಿ ಹಣಿಗಿ ಹಚ್ಚಿ ಕಳಿಸು, ಡಬ್ಬ್ಯಾಗ ಜಾಗಾ ಉಳೀತದ.”

ಆಯಿ ಬಹಳ ಹೊತ್ತು ವಿಭೂತಿ ಗಟ್ಟಿಯನ್ನು ನೋಡಿದಳು. ಕೊನೆಗೆ ಅದನ್ನು ಜಗಲಿಗೆ ವಾಪಸು ಇಟ್ಟು, ಕಿಂಡಿಗೆ ಕೈ ಚಾಚಿದಳು. ಚಾಂದಬಿ ಸುಟ್ಟು ಕರ್ರಗೆ ಮಾಡಿದ ಹತ್ತಿಯ ಒಂದು ಹಿಡಿ ಕೊಟ್ಟಳು. ಹೀಗೆ ನನ್ನ ಡಬ್ಬಿ ಎರಡು ಮನೆಯಿಂದ ತುಂಬಿತು. ಅವ್ವ ನಾನು ಉಡುತ್ತಿದ್ದ ಪರಕಾರದ ನೆರಿಗೆಯೊಳಗೆ ಒಂದು ಕಿಸೆ ಹೊಲಿದು ಕೊಟ್ಟಳು. ನಡೆದರೆ ಡಬ್ಬಿ ತೊಡೆಗೆ ಬಡಿಯುತ್ತಿತ್ತು. ನನಗೋ, ತಹಶೀಲದಾರನ ಮಗಳಾದಷ್ಟು ಸೊಕ್ಕು.

ಡಬ್ಬಿ ಇದ್ದರೆ ಸಾಲದು, ಬಳಸಲು ಬರಬೇಕು ಎಂದು ಆಯಿ ಹಿತ್ತಲಲ್ಲಿ ಪಾಠ ಇಟ್ಟಳು. ಕಣ್ಣು ಮುಚ್ಚಿಕೊಂಡು ಸೂಜಿ ಹುಡುಕಬೇಕು, ರಾಡಿ ನೀರಿನ ಕೊಡದಲ್ಲಿ ಪಟಕ ಆಡಿಸಬೇಕು, ಚಕಮಕಿ ಬಡಿದು ಬೆಂಕಿ ಮಾಡಬೇಕು. ಬೆಂಕಿ ನನಗೆ ಬರಲಿಲ್ಲ. ಬಡಿದು ಬಡಿದು ಹೆಬ್ಬೆರಳು ಜಜ್ಜಿಕೊಂಡು ಅತ್ತೆ. ಗೋಡೆಯ ಮೇಲೆ ಕೂತು ಮಾವಿನಕಾಯಿ ತಿನ್ನುತ್ತಿದ್ದ ಮಮ್ಮು ಕೆಳಗೆ ಜಿಗಿದು, ಹತ್ತಿಯನ್ನು ಬೆರಳಲ್ಲಿ ಬಿಡಿಸಿ ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಉಕ್ಕಿನಿಂದ ಓರೆಯಾಗಿ ಒಂದು ಏಟು ಹಾಕಿದಳು. ಹತ್ತಿಯಲ್ಲಿ ಕೆಂಪು ಚುಕ್ಕೆ ಬಿತ್ತು. ಊದಿದಳು, ಹೊಗೆ ಬಂತು. ಹುಟ್ಟಿದಾಗಿನಿಂದ ಹತ್ತಿಯಲ್ಲೇ ಹೊರಳಿದವಳಿಗೆ ಅದೊಂದು ಆಟ.

“ಇಷ್ಟ ಅದಾ,” ಅಂದಳು. “ನೀ ಹೋಗಾಗ ನನ್ನೂ ಕಿಸೆದಾಗ ಹಾಕ್ಕೊಂಡು ಹೋಗು.”

ನನಗೆ ಮೈಯೆಲ್ಲ ಉರಿಯಿತು. ಮೂರು ಸಂಜೆ ಅವಳೊಡನೆ ಟೂ ಬಿಟ್ಟೆ. ಆದರೂ ಬೆಲ್ಲದ ವಿಷಯದಲ್ಲಿ ನಾವಿಬ್ಬರೂ ಒಂದೇ. ಆಯಿ ಎಷ್ಟು ಸಲ ಉಂಡೆ ಇಟ್ಟರೂ ಅದು ಹೇಗೋ ಸವೆಯುತ್ತಿತ್ತು, ಇರುವೆಗಳಿಗೆ ಬೈಗುಳ ಬೀಳುತ್ತಿತ್ತು.

ಕಡೆಗೊಂದು ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂತು. ಅವ್ವ ತಮ್ಮನನ್ನು ಎತ್ತಿಕೊಂಡು ಹತ್ತಿದಳು. ನಾನು ಹತ್ತಬೇಕು, ಅಷ್ಟರಲ್ಲಿ ಆಯಿಗೆ ಡಬ್ಬಿಯಲ್ಲಿ ಎಲ್ಲ ಇದೆಯೋ ಇಲ್ಲವೋ ಎಂದು ಕೊನೆಯ ಸಲ ನೋಡಬೇಕೆನಿಸಿತು. ಮುಚ್ಚಳ ತೆಗೆದಳು. ನಾನು ಸೀನಿದೆ. ಒಂದೇ ಒಂದು ಸೀನು.

ಹೊರಡುವ ಹೊತ್ತಿಗೆ ಒಂಟಿ ಸೀನು ಅಂದರೆ ಕೇಳಬೇಕೆ? ಅವ್ವನ ಒಂದು ಕಾಲು ಆಗಲೇ ಗಾಡಿಯಿಂದ ಕೆಳಗಿತ್ತು.

“ಯವ್ವಾ, ಅದು ತಪಕೀರಿನ ಸೀನು, ಶಕುನದ ಸೀನಲ್ಲ!” ಅಪ್ಪ ಕೈ ಕೈ ಹಿಚುಕಿಕೊಂಡ.

“ಸೀನು ಸೀನ ತಮ್ಮಾ,” ಆಯಿ ಅಪ್ಪನಿಗೆ ಅಂದಳು. “ಯಾತರದಾದ್ರ ಏನು? ಎತ್ತು ಬಿಚ್ಚು.”

“ನೀಲಾ, ನನ್ನವ್ವಾ, ಇನ್ನೊಂದು ಸೀನು,” ಅಪ್ಪ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. “ಜೋಡಿ ಸೀನಾದ್ರ ಶುಭ. ಸೀನವ್ವಾ.”

ನಾನು ಡಬ್ಬಿಗೆ ಮೂಗು ತುರುಕಿದೆ. ಸೂರ್ಯನನ್ನು ನೋಡಿದೆ. ಮಮ್ಮು ಓಡಿಬಂದು ಕೋಳಿಪುಕ್ಕ ಮೂಗಿಗಿಟ್ಟಳು. ಬೇಡವಾದಾಗ ಬರುವ ಸೀನು ಬೇಕಾದಾಗ ಬರಲಿಲ್ಲ. ಎತ್ತು ಬಿಚ್ಚಿದರು. ಅಮಾವಾಸ್ಯೆ ಕಳೆಯಲಿ ಅಂದರು, ಕಳೆಯುವಷ್ಟರಲ್ಲಿ ದಾರಿ ಕೆಟ್ಟಿದೆ ಎಂಬ ಸುದ್ದಿ ಬಂತು, ಆಮೇಲೆ ಮಳೆ ಹಿಡಿಯಿತು. ನಾವು ಹೋಗಲೇ ಇಲ್ಲ. ಆ ದಿನ ಆ ದಾರಿಯಲ್ಲಿ ಏನೋ ಆಯಿತಂತೆ ಎಂದೂ ಕೇಳಿದ್ದೇನೆ, ಏನೂ ಆಗಲಿಲ್ಲವಂತೆ ಎಂದೂ ಕೇಳಿದ್ದೇನೆ. ಆಯಿಯಂತೂ ನನ್ನ ಸೀನನ್ನು ತಾನೇ ಹೆತ್ತ ಮಗುವಿನಂತೆ ಹೊಗಳಿಕೊಂಡು ತಿರುಗುತ್ತಿದ್ದಳು.

ಭಾದ್ರಪದದಲ್ಲಿ ದೆಹಲಿಯ ದಂಡು ಬಂತು. ನಾಲ್ಕೈದು ದಿನದಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಅಪ್ಪ ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ಸಕ್ಕರೆ ಹಂಚಿದ, ಹುಸೇನಿ ಕಾಕಾನಿಗೂ ಹಂಚಿದ. ಕಾಕಾ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದು ನಿಂತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಯಾಕೆಂದರೆ ಗಾಳಿ ತಿರುಗಿತ್ತು. ಮೊನ್ನೆತನಕ ನಾವು ಹೆದರಿದ್ದೆವು, ಈಗ ಅವರು ಹೆದರಬೇಕಾಯಿತು. ಅತ್ತ ಕಡೆಯ ಹಳ್ಳಿಗಳಿಂದ ಕೆಟ್ಟ ಕೆಟ್ಟ ಸುದ್ದಿ ಬರತೊಡಗಿತು. ಯಾರದೋ ಸಿಟ್ಟನ್ನು ಯಾರ ಮೇಲೋ ತೀರಿಸುವ ಕಾಲ. ನಮ್ಮ ಓಣಿಯ ನಾಲ್ಕು ಗಂಡಸರು ನಮ್ಮ ಅಂಗಡಿಯ ಕಟ್ಟೆಯ ಮೇಲೆಯೇ ಕೂತು, ಹತ್ತಿ ಹಿಂಜುವವನಿಗೆ ಕೇಳಿಸುವಂತೆ ಊರು ಬಿಡಿಸುವ ಮಾತಾಡಿದರು. ಅಪ್ಪ “ನಾನಿದ್ದೀನಲ್ಲ ಹುಸೇನಿ” ಎಂದು ಹೇಳಿದ್ದು ನಿಜ, ಆದರೆ ಬಹಳ ಮೆಲ್ಲಗೆ ಹೇಳಿದ. ಮರುದಿನ ಬಿಲ್ಲಿನ ಟೊಂಯ್ ಸದ್ದು ಕೇಳಲಿಲ್ಲ. ತಿಂಥಣಿಯ ಹತ್ತಿರ ಕೃಷ್ಣೆ ದಾಟಿ ಆಚೆಯ ದಂಡೆಯ ನೆಂಟರ ಮನೆಗೆ ಹೋಗುತ್ತೇವೆ ಎಂದು ಚಾಂದಬಿ ಕಿಂಡಿಯಲ್ಲಿ ಹೇಳಿದಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ, ಅದಕ್ಕೇ ಆಯಿಗೆ ದಿಗಿಲಾಯಿತು.

“ಎಲ್ಲಿಗಿ ಹೋಗ್ತಿ? ನಮ್ಮ ಹಗೇವಿನಾಗ ಇರ್ರಿ. ಮ್ಯಾಲ ಕಲ್ಲು ಮುಚ್ಚಿ ನಾನ ಕುಂದರ್ತೀನಿ. ಯಾವ ಮಗ ಬಂದು ಎಬ್ಬಸ್ತಾನ ನೋಡೋಣು.”

“ಹಗೇವಿನಾಗ ಜ್ವಾಳಾ ಇಡ್ತಾರಕ್ಕಾ. ಮನಷ್ಯಾರನ್ನ ಎಷ್ಟು ದಿನ ಇಡ್ತಿ?”

ಆಯಿ ಕಿಂಡಿ ಬಿಟ್ಟು ಹೋಗಿ ಹಗೇವಿನ ಕಲ್ಲಿನ ಮೇಲೆ ಕೂತಳು.

ಹೊತ್ತು ಏರುವ ಮುಂಚೆ ಅವರು ಹೊರಟರು. ಕಾಕಾನ ಹೆಗಲಿಗೆ ಬಿಲ್ಲು, ತಲೆಯ ಮೇಲೆ ಗಂಟು. ಚಾಂದಬಿಯ ಕಂಕುಳಲ್ಲಿ ಇನ್ನೊಂದು ಗಂಟು. ಮಮ್ಮುವಿನ ಕೈಯಲ್ಲಿ ಒಂದು ತಂಬಿಗೆ. ಆಯಿ ನಮ್ಮ ಬಾಗಿಲಲ್ಲಿ ನಿಂತು, ತಿರುಗಿ ನೋಡದೆ, “ನೀಲಾ, ಡಬ್ಬಿ ತಾ” ಅಂದಳು. ಕಿಸೆಯ ಮೇಲೆ ಕೈ ಒತ್ತಿ ಹಿಡಿದೆ. ಅದು ನನ್ನ ಡಬ್ಬಿ. ಆಯಿ ಬೈಯಲಿಲ್ಲ, ಹೊಡೆಯಲಿಲ್ಲ, ಕೈ ಚಾಚಿಕೊಂಡೇ ನಿಂತಳು. ತೆಗೆದು ಕೊಟ್ಟೆ. ಅವಳು ಮುಚ್ಚಳ ತೆಗೆದು ಬೆಲ್ಲ ಇದೆಯೇ, ಸೂಜಿ ಇದೆಯೇ ಎಂದು ನೋಡುವ ನೆಪದಲ್ಲಿ ಡಬ್ಬಿಯನ್ನು ಚಾಂದಬಿಯ ಮೂಗಿನ ಹತ್ತಿರ ಹಿಡಿದಳು. ಮಮ್ಮುವಿನ ಮೂಗಿನ ಹತ್ತಿರ ಹಿಡಿದಳು. ಹುಸೇನಿ ಕಾಕಾನ ಗಡ್ಡದ ಕೆಳಗೂ ಹಿಡಿದಳು. ಒಂದು ಸೀನು ಬಂದಿದ್ದರೆ ಸಾಕಿತ್ತು, ಗಂಟು ಕಸಿದು ಒಳಗಿಟ್ಟುಬಿಡುತ್ತಿದ್ದಳು. ಅವತ್ತು ಯಾರೂ ಸೀನಲಿಲ್ಲ.

ಮುಚ್ಚಳ ಮುಚ್ಚಿ ಡಬ್ಬಿಯನ್ನು ಮಮ್ಮುವಿನ ಕುರ್ತಾದ ಕಿಸೆಗೆ ಹಾಕಿದಳು. ಆಮೇಲೆ ಒಳಗೆ ಹೋಗಿ ಗಡಿಗೆಯಿಂದ ಹಿಡಿಯಷ್ಟು ಉಪ್ಪು ತಂದು ಚಾಂದಬಿಯ ಕೈ ಹಿಡಿದೆಳೆದು ಅಂಗೈಗೆ ಸುರಿದಳು. ಚಾಂದಬಿ ಕೆಂಡ ಬಿದ್ದವಳಂತೆ ಕೈ ಎಳೆದುಕೊಂಡಳು.

“ಯಾ ಅಲ್ಲಾ! ಏನ ಮಾಡ್ತಿ ಬಸಮ್ಮಕ್ಕಾ? ಉಪ್ಪು ಕೈಯಾಗ ಕೊಡಬ್ಯಾಡ, ಜಗಳಾ ಆಗ್ತದ!”

“ಆಗ್ಲಿ,” ಅಂದಳು ಆಯಿ. “ಜಗಳಾ ಆಡಾಕಾದ್ರೂ ನೀ ತಿರಗಿ ಬರಬೇಕಲ್ಲ.”

ಚಾಂದಬಿ ಮುಷ್ಟಿ ಮುಚ್ಚಿದಳು. ಇಬ್ಬರೂ ಅತ್ತರು, ಬಾಯಿ ಬಿಟ್ಟು ಅತ್ತರು. ಅಷ್ಟು ಬೈದಾಡಿದ ಬಾಯಿಗಳು ಅವು. ಮಮ್ಮು ನನ್ನ ಕಡೆ ನೋಡಿ, ಕಿಸೆಯ ಮೇಲಿಂದ ಡಬ್ಬಿಯನ್ನು ಬೆರಳಲ್ಲಿ ಟಕಟಕ ಬಡಿದು ತೋರಿಸಿದಳು. ನಾನು ಮುಖ ತಿರುವಿದೆ. ಡಬ್ಬಿ ಹೋಯಿತೆಂದು ಅಳು ಬಂದಿತ್ತೋ, ಅವಳು ಹೋದಳೆಂದೋ, ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ.

ಅವರು ಹೋದ ಮೇಲೆ ನಮ್ಮ ಮನೆ ಕೆಟ್ಟುಹೋಯಿತು. ಆಯಿ ಬೆಳಿಗ್ಗೆ ಎದ್ದು ಕಿಂಡಿಯ ಮುಂದೆ ನಿಂತು ಬಾಯಿ ತೆರೆಯುವುದು, ಆಚೆಗೆ ಯಾರೂ ಇಲ್ಲ ಎಂದು ನೆನಪಾಗಿ ಮುಚ್ಚುವುದು. ಕಾಗೆಗೆ ಬೈದಳು, ಅವ್ವನಿಗೆ ಬೈದಳು, ಯಾವುದಕ್ಕೂ ತಕ್ಕ ಉತ್ತರ ಬರಲಿಲ್ಲ. ಸಾರು ಸಪ್ಪೆಯಾಗತೊಡಗಿತು. ಎಲ್ಲಕ್ಕಿಂತ ದೊಡ್ಡ ಫಜೀತಿ ಕೋಳಿಗಳದು. ಬಿಟ್ಟುಹೋದ ಕೋಳಿಗಳು ಗೋಡೆ ಹಾರಿ ಬಂದು ಕೊತ್ತಂಬರಿ ಮಡಿಯಲ್ಲೇ ಬಿಡಾರ ಹೂಡಿದವು. ಆಯಿ ಬಡಿಗೆ ತೆಗೆದುಕೊಂಡು ಹೋದವಳು ಜೋಳ ಚೆಲ್ಲಿ ಬಂದಳು. ಆಮೇಲೆ ಅವು ತತ್ತಿ ಇಡತೊಡಗಿದವು. ತತ್ತಿ ಮುಟ್ಟುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಚಾಂದಬಿಯ ಸೊತ್ತು, ಮಾರುವ ಹಾಗೂ ಇಲ್ಲ. ಕೆಂಡ ಹಿಡಿಯುವ ಇಕ್ಕಳದಲ್ಲಿ ಒಂದೊಂದೇ ತತ್ತಿ ಹಿಡಿದು, ಮುಖ ಆಚೆ ತಿರುಗಿಸಿ, ಶಿವಶಿವಾ ಅನ್ನುತ್ತ, ಕಾವಿಗೆ ಕೂತ ಕೋಳಿಯ ಹೊಟ್ಟೆಯ ಕೆಳಗೆ ಸರಿಸುತ್ತಿದ್ದಳು. ಅರ್ಧ ಒಡೆದುಹೋಗುತ್ತಿದ್ದವು. ಆ ಇಕ್ಕಳವನ್ನು ಹಿತ್ತಲ ಮಾಡಿನಲ್ಲಿ ಬೇರೆಯೇ ಸಿಕ್ಕಿಸಿ, ಅಡುಗೆಮನೆಗೆ ಹೊಸದು ಮಾಡಿಸಿದಳು. ಅಪ್ಪ ನಕ್ಕರೆ ಉಣ್ಣಲು ಬಡಿಸುತ್ತಿರಲಿಲ್ಲ.

ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ ಉಂಡು ಬರುವ ಹಬ್ಬ. ಪ್ರತಿ ವರ್ಷ ಚಾಂದಬಿಯ ಪಾಲು ಕಿಂಡಿ ದಾಟುತ್ತಿತ್ತು. ಆ ವರ್ಷವೂ ಆಯಿ ಬಾಳೆಲೆಯಲ್ಲಿ ಕಡುಬು ಕಟ್ಟಿ ಕಿಂಡಿಯ ಕಲ್ಲಿನ ಮೇಲಿಟ್ಟಳು. ಮರುದಿನ ಎಲೆ ಹರಿದು ಬಿದ್ದಿತ್ತು, ಬೆಕ್ಕು ತಿಂದಿತ್ತೋ ಕಾಗೆ ತಿಂದಿತ್ತೋ. ಆ ದಿನ ಆಯಿ ನನ್ನನ್ನು ಕರೆದು, ತಿಂಥಣಿಯ ದೇವರು ಮೋನಪ್ಪಯ್ಯನಿಗೆ ಹರಕೆ ಹೊತ್ತಿದ್ದೇನೆ, ಅವನು ಚಾಂದಬಿಯವರಿಗೂ ಬೇಕಾದವನೇ, ಹೊಳೆ ದಾಟಿದವರನ್ನು ತಿರುಗಿ ದಾಟಿಸಲು ಅವನಿಗೇನು ಕಷ್ಟ ಎಂದು ಕೇಳಿದಳು. ದೇವರೊಡನೆಯೂ ಅವಳದು ಜಗಳದ ದನಿಯೇ.

ಬಿಳಿಜೋಳ ತೆನೆ ಕಟ್ಟಿದ ದಿನಗಳು. ಮಧ್ಯಾಹ್ನ ಆಯಿ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಗೆ ಹತ್ತಿಕಟ್ಟಿಗೆ ಒಟ್ಟುತ್ತಿದ್ದೆ. ಕಿಂಡಿಯಿಂದ ಸಿಡಿಲು ಬಡಿದಂತೆ ಬಂತು:

“ಏ ಬಸಮ್ಮಾ! ನನ್ನ ಕೆಂಪು ಹುಂಜ ಎಲ್ಲಿ?”

ಆಯಿಯ ಕೈ ರೊಟ್ಟಿಯ ಮೇಲೆ ನಿಂತಿತು. ತಿರುಗಿ ನೋಡಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡತೊಡಗಿತು. ಹೆಂಚನ್ನೇ ನೋಡುತ್ತ, ಕಣ್ಣಲ್ಲಿ ಧಾರೆ ಸುರಿಸುತ್ತ, ಮನೆಯ ಮಾಳಿಗೆ ಹಾರಿಹೋಗುವಂತೆ ಕೂಗಿದಳು:

“ಸತ್ತ! ನಿನ್ನಂಥಾಕಿ ಬಿಟ್ಟು ಹೋದ್ಲಂತ ಎದಿ ಒಡಕೊಂಡು ಸತ್ತ!”

“ಸುಳ್ಳು! ಜ್ವಾಳಾ ತಿನಸಿ ತಿನಸಿ ಕೊಂದೀದಿ! ತತ್ತಿ ಎಲ್ಲಿ?”

“ತತ್ತಿ ಮರಿ ಆಗ್ಯಾವ! ಮರಿ ನನ್ನ ಹಿತ್ಲಾ ಹಾಳು ಮಾಡ್ಯಾವ! ಎಲ್ಲಾ ಹಿಡಕೊಂಡು ಹೋಗು, ನನ್ನ ಕೊತಂಬರಿ ತಿರಗಿ ಕೊಡು!”

ಆ ಜಗಳ ಹೊತ್ತು ಮುಳುಗುವತನಕ ನಡೆಯಿತು. ಅವ್ವ ರೊಟ್ಟಿ ತಾನೇ ಬಡಿದಳು. ಅಪ್ಪ ಅಂಗಡಿ ಮುಚ್ಚಿ ಓಡಿಬಂದು, ಏನೆಂದು ಕೇಳಿ, ಪಡಸಾಲೆಯಲ್ಲಿ ಕೂತು ಟವಲ್ಲಿನಿಂದ ಮುಖ ಒರೆಸಿಕೊಂಡ. ಜಗಳದ ನಡುನಡುವೆಯೇ ನಮಗೆ ಸುದ್ದಿ ತಿಳಿದದ್ದು. ಹೊಳೆಯ ಕೆಂಪು ನೀರು ಕುಡಿಯಲು ಪಟಕ ಬೇಕಾಯಿತಂತೆ. ಮಳೆಯಲ್ಲಿ ಪಾಳು ಗುಡಿಯಲ್ಲಿ ಕೂತಾಗ ಮಮ್ಮು ಚಕಮಕಿ ಬಡಿದು ಬೆಂಕಿ ಮಾಡಿದಳಂತೆ. “ನಿನ್ನ ಡಬ್ಬ್ಯಾಗ ಬೆಲ್ಲಾ ಒಂದೀಟು, ಇರವಿ ಭಾಳ” ಎಂಬ ಆರೋಪವೂ ಬಂತು. ಹುಸೇನಿ ಕಾಕಾ ಮಾತ್ರ ಬರಲಿಲ್ಲ. ಆ ಓಣಿಯಲ್ಲಿ ಯಾರ ಬಾಯಿಂದ ಏನು ಕೇಳಿದ್ದೇನೆ ಎಂದು ನನಗೆ ಗೊತ್ತು, ಮತ್ತೆ ಆ ಕಟ್ಟೆಯ ಮುಂದೆ ಹಾಯಲಾರೆ ಅಂದನಂತೆ. ಅಪ್ಪ ಹೊಳೆ ದಾಟಿ ಹೋಗಿ ಕರೆದ. ಕಾಕಾ ಚಹಾ ಕುಡಿಸಿ, ಒಂದು ದಿಂಬು ಹೊಲಿದುಕೊಟ್ಟು ಕಳಿಸಿದ. ನಮ್ಮ ಬೆಳಗಿಗೆ ಆ ಬಿಲ್ಲಿನ ಸದ್ದು ಮತ್ತೆ ಬರಲಿಲ್ಲ.

ಸಂಜೆ ಮಮ್ಮು ಕಿಂಡಿಗೆ ಬಂದಳು, ಉದ್ದವಾಗಿದ್ದಳು, ಬಡಕಲಾಗಿದ್ದಳು. ಕೈಯಲ್ಲಿ ನನ್ನ ಡಬ್ಬಿ, ಅಂಚಿಗೆ ತುಕ್ಕು ಹಿಡಿದಿತ್ತು. ಕಲ್ಲಿನ ಮೇಲೆ ಇಡುತ್ತಾಳೆಂದು ನಾನು ಕಾದೆ. ಅವಳು ತೋಳು ಪೂರಾ ಈಚೆ ಚಾಚಿ ನನ್ನ ಕೈಗೇ ಕೊಟ್ಟಳು. ತೆಗೆದರೆ ಒಳಗೆ ತುಂಬ ಉಪ್ಪು. ಮಂದಿಯ ಮನೆಯ ಡಬ್ಬಿಯನ್ನು ಖಾಲಿ ತಿರುಗಿ ಕೊಡಬಾರದಲ್ಲ.

“ತಗೊ,” ಅಂದಳು. “ಇನ್ನ ನಾವೂ ಜಗಳಾಡೋಣು.”

ಆಯಿ ಪಕ್ಕದಲ್ಲೇ ಇದ್ದಳು, ಎಲ್ಲ ನೋಡಿದಳು, ಏನೂ ನೋಡದವಳಂತೆ ಒಲೆ ಊದಿದಳು. ಅಷ್ಟರಲ್ಲಿ ತಪಕೀರಿನ ಘಾಟು ಅವಳ ಮೂಗಿಗೆ ಹತ್ತಿತು. ಒಂದು ಸೀನಿದಳು, ಇನ್ನೊಂದು ಸೀನಿದಳು, ಜೋಡಿ ಸೀನು.

ಕೆಲವು ವರ್ಷ ಕಳೆದು ನನ್ನನ್ನು ಯಾದಗಿರಿಗೆ ಕೊಟ್ಟರು. ಮದುವೆಯ ಮರುದಿನ ಭೀಮೆ ದಾಟಿ ಗಂಡನ ಮನೆಗೆ ಹೊರಡುವ ಹೊತ್ತು, ಬೀಗರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ, ಆಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಆಗಲೇ ಕಣ್ಣು ಮಂಜಾಗಿದ್ದವು. ನನ್ನ ಕೈ ಹುಡುಕಿ, ಬಳೆಗಳನ್ನು ಮೇಲೆ ಸರಿಸಿ, ಅಂಗೈಗೆ ಒಂದು ಹಿಡಿ ಉಪ್ಪು ಸುರಿದಳು. ಬೀಗಿತಿಯರು ಅಯ್ಯಯ್ಯೋ ಎಂದು ಕಿರುಚಿಕೊಂಡರು. ಹೊಸ ಮದುಮಗಳ ಕೈಗೆ ಉಪ್ಪೇ, ಮುದುಕಿಗೆ ತಲೆ ಕೆಟ್ಟಿದೆಯೇ ಅಂದರು. ಮಮ್ಮುವಿನ ಹೆಗಲು ಹಿಡಿದು ನಿಂತಿದ್ದ ಚಾಂದಬಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾದಗಿರಿ ಮುಟ್ಟುವತನಕ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದಾಗ ಅಂಗೈ ಒದ್ದೆಯಾಗಿತ್ತು, ಉಪ್ಪು ಅರ್ಧ ಕರಗಿತ್ತು. ಉಳಿದದ್ದನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಪಂಚಮಿಗೆ ಅಪ್ಪ ಕರೆಯಲು ಬಂದ. ಶಹಾಪುರದಲ್ಲಿ ಮೋಟಾರಿನಿಂದ ಇಳಿದು ಓಣಿ ಹೊಕ್ಕು, ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅಲ್ಲಿಂದಲೇ ಒದರಿದೆ:

“ಏ ಆಯೀ! ನಿನ್ನ ಉಪ್ಪಿನ ಸಂಬಂಧ ನನ್ನ ರೇಶ್ಮಿ ಸೀರಿ ಹಾಳಾತು, ಯಾರು ಕೊಡ್ತಾರ ಅದನ್ನ?”

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಆಯಿ ಕಿಂಡಿಯ ಕಡೆಗೆ ತಿರುಗಿ ಕೂಗಿದ್ದು ಓಣಿಗೆಲ್ಲ ಕೇಳಿಸಿತು:

“ಚಾಂದವ್ವಾ! ಲಗೂನ ಬಾ! ಬಂದಾಳ ನೋಡು, ಜಗಳಾ ಆಡಾಕ ಬಂದಾಳ!”